ಯಾರ ಗಡುವು ಮೊದಲು

ತಪ್ಪು ತಾನು ಬರೆದ ನಿಯಮದಲ್ಲಿದೆಯೋ, ಬ್ರಾನ್ವಿನ್‌ಳ ಕೆಲಸದಲ್ಲೇ ಏನಾದರೂ ತೊಡಕಿದೆಯೋ? ಯೂವನ್‌ಗೆ ಬಗೆಹರಿಯಲಿಲ್ಲ. ಅವನು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದ ಹೋಬರ್ಟ್‌ನ ಸಂಶೋಧನಾ ಸಂಸ್ಥೆಯವರೆಲ್ಲ, ಭಾರೀ ಲೆಕ್ಕಗಳಿಗೆಂದು ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಕೆಲವೇ ಗ್ರಾಫಿಕ್ಸ್ ಪ್ರೊಸೆಸರ್‌ಗಳನ್ನು ಹಂಚಿಕೊಳ್ಳುತ್ತಿದ್ದರು. ಯಾರ ಗಡುವು ಮೊದಲೋ ಅವರ ಕೆಲಸ ಮೊದಲು, ನಿಯಮ ಅಷ್ಟೇ. ಆದರೂ ಕಾಳ್ಗಿಚ್ಚು ಎತ್ತ ಹಬ್ಬುತ್ತದೆಂದು ತೋರಿಸುವ ಬ್ರಾನ್ವಿನ್‌ಳ ನಕ್ಷೆ ದಿನವೂ ಹಿಂದೆ ಬೀಳುತ್ತಿತ್ತು.

"ಬೆಂಕಿಗೂ ಕ್ಯೂನಲ್ಲಿ ನಿಂತ್ಕೊ ಅಂತ ಹೇಳ್ಲೇನು ಮಾರಾಯಾ?" ಎಂದಳು ಅವಳು, ಚಹಾದ ಮಗ್ ಹಿಡಿದು ಬಂದು. "ಮೂರಕ್ಕೆ ಬೆಂಕಿ ಆರಿಸೋ ನಮ್ಮೋರು ಕಣಿವೆಗೆ ಇಳೀತಾರೆ. ನಕ್ಷೆ ಬರದಿದ್ರೆ ಕಣ್ಣು ಕಟ್ಕೊಂಡು ಇಳಿದ ಹಾಗೆ."

"ಬೈಬೇಡ ಕಣೇ, ನೋಡ್ತಿದೀನಿ."

ಅವನಿಗೊಂದು ಕುತೂಹಲ ಹುಟ್ಟಿತು. ತಮ್ಮ ಕೆಲಸದ ಫಲಿತಾಂಶವನ್ನು ಜನ ನಿಜಕ್ಕೂ ಯಾವಾಗ ತೆರೆದು ನೋಡುತ್ತಾರೆ? ಹಳೆಯ ದಾಖಲೆಗಳಲ್ಲಿ ಹುಡುಕಿದ. ಮಧ್ಯಾಹ್ನದೊಳಗೆ ಬೇಕೇಬೇಕು ಎಂದಿದ್ದ ತಿಮಿಂಗಿಲದ ಹಾಡನ್ನು ಅಧ್ಯಯನ ಮಾಡುವ ತಂಡ ಮರುದಿನ ಕಾಫಿಯಾದ ಮೇಲೆ ತೆರೆದಿತ್ತು. ಉಳಿದವರದೂ ಅದೇ ಕಥೆ. ಎಲ್ಲರೂ ನಿಜಕ್ಕೂ ಬೇಕಾದ ಹೊತ್ತಿಗಿಂತ ಮುಂಚಿನ ಗಡುವು ಬರೆಯುತ್ತಿದ್ದರು. ಬ್ರಾನ್ವಿನ್ ಮಾತ್ರ ಎರಡೂವರೆ ಎಂದು ಬರೆದು ಎರಡೂವರೆಗೇ ತೆರೆಯುತ್ತಿದ್ದಳು.

ಯೂವನ್ ನಿಯಮ ಬದಲಿಸಿದ. ಇನ್ನು ಸರತಿಯ ವ್ಯವಸ್ಥೆ ಜನ ಬರೆದ ಗಡುವನ್ನು ನಂಬದೆ, ಅವರವರು ಫಲಿತಾಂಶ ತೆರೆಯುವ ರೂಢಿಯನ್ನು ನೋಡುವಂತೆ ಮಾಡಿದ. ಅವಳ ನಕ್ಷೆ ತಕ್ಷಣ ಮುಂದೆ ಬಂತು. ಬೆಂಕಿ ಆರಿಸುವ ತಂಡ ಹೊರಡುವ ಮೊದಲೇ ಅವರ ಕೈಸೇರಿತು.

"ಅಬ್ಬಾ! ಏನ್ ಮಂತ್ರ ಹಾಕ್ದೆ?"

"ಸಣ್ಣ ರಿಪೇರಿ ಅಷ್ಟೇ."

ಹೇಳಿದರೆ ಅವಳೂ ಸುಳ್ಳು ಗಡುವು ಬರೆಯಲು ಕಲಿತುಬಿಟ್ಟಾಳೆಂದು ಅವನಿಗೆ ಅಳುಕಿತ್ತು. ಇಡೀ ಸಂಸ್ಥೆಯಲ್ಲಿ ನಿಜವಾದ ಗಡುವು ಬರೆಯುತ್ತಿದ್ದವಳು ಅವಳೊಬ್ಬಳೇ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.