ಗುಳಿಗೆಯ ಮೇಲೆ ನೀರು

ಮಾನ್ವಿಯ ಧರ್ಮಾರ್ಥ ದವಾಖಾನೆಯಲ್ಲಿ ಎಂಟು ಮಂಚಗಳಿದ್ದವು. ಆ ಎಂಟೂ ಮಂಚಗಳ ಕೆಳಗಿನ ಉಚ್ಚೆಯ ಪಾತ್ರೆಗಳನ್ನು ಹನ್ನೊಂದು ವರ್ಷಗಳಿಂದ ಎತ್ತಿ, ಚೆಲ್ಲಿ, ಬೂದಿ ಹಾಕಿ ತಿಕ್ಕಿ ಮತ್ತೆ ತಂದಿಡುತ್ತಿದ್ದವಳು ಮೂಕಮ್ಮ. ಕೇರಿಯಲ್ಲಿ ಅವಳ ಬಾಯಿಗೆ ಎದುರಿಲ್ಲ ಎನ್ನುತ್ತಿದ್ದರು. ದವಾಖಾನೆಯ ಒಳಗೆ ಮಾತ್ರ ಅವಳನ್ನು ಏನೂ ಕೇಳುವವರಿರಲಿಲ್ಲ, ಹಾಗಾಗಿ ಅಲ್ಲಿ ಹೆಸರಿಗೆ ತಕ್ಕ ಹಾಗೆಯೇ ಇದ್ದಳು. ದೇವದುರ್ಗದಲ್ಲಿ ಹುಟ್ಟಿ, ಮಾನ್ವಿಗೆ ಸೊಸೆಯಾಗಿ ಬಂದು, ಗಂಡ ತೀರಿಕೊಂಡ ವರ್ಷ ಈ ಕೆಲಸಕ್ಕೆ ಸೇರಿದ್ದಳು. ಕಸ ಗುಡಿಸಬಹುದಿತ್ತು, ನೆಲ ಸಾರಿಸಬಹುದಿತ್ತು, ಹೊಲಸು ಎತ್ತಬಹುದಿತ್ತು. ಕುಡಿಯುವ ನೀರಿನ ಹರವಿಯನ್ನು ಮಾತ್ರ ಮುಟ್ಟುವ ಹಾಗಿರಲಿಲ್ಲ. ಹಾಗಂತ ಯಾರೂ ಬರೆದು ತೂಗುಹಾಕಿರಲಿಲ್ಲ; ಎಲ್ಲರಿಗೂ ಗೊತ್ತಿತ್ತು, ಅಷ್ಟೇ.

ಯುದ್ಧ ಇನ್ನೂ ನಡೆದಿದ್ದ ಕಾಲ, ಸಾವಿರದ ಒಂಬೈನೂರ ನಲವತ್ನಾಲ್ಕನೆಯ ಇಸವಿ. ಶಿವರಾತ್ರಿ ಮುಗಿದಿತ್ತು. ಬೆಳಗಿನ ಜಾವ ಚಳಿ, ಮಧ್ಯಾಹ್ನ ನೆತ್ತಿ ಬಿರಿಯುವ ಬಿಸಿಲು. ಅಂಥ ಹವೆಯಲ್ಲಿ ಎದೆಜ್ವರ ಹಿಡಿದವರು ಹಳ್ಳಿಗಳಿಂದ ಬಂಡಿಯ ಮೇಲೆ ಬರುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಹಾಗೆ ಬಂದವರಲ್ಲಿ ಮೂವರಿಗೊಬ್ಬರು ತಿರುಗಿ ಹೋಗುತ್ತಿರಲಿಲ್ಲ. ಈ ವರ್ಷ ಡಾಕ್ಟರ್ ಸೈಫುದ್ದೀನರ ಕೈಗೆ ಹೊಸದೊಂದು ಔಷಧಿ ಬಂದಿತ್ತು. ಅವರು ಸಲ್ಫಾ ಎನ್ನುತ್ತಿದ್ದರು, ಜನ ಬಿಳಿಗುಳಿಗೆ ಎನ್ನುತ್ತಿದ್ದರು. ನಾಲ್ಕು ತಾಸಿಗೆ ಎರಡರಂತೆ ಕೊಟ್ಟರೆ ಮೂರನೆಯ ದಿನಕ್ಕೆ ಮೈ ಬೆವರಿ, ಜ್ವರ ಇಳಿದು, ರೋಗಿ ಎದ್ದು ಕೂತು ಗಂಜಿ ಕೇಳುತ್ತಿದ್ದ. ಇಂಥದ್ದನ್ನು ಮೂಕಮ್ಮ ಕಂಡೇ ಇರಲಿಲ್ಲ.

ಆದರೆ ಒಂದು ಬೆಳಿಗ್ಗೆ ಮೂರನೆಯ ಮಂಚದ ಪಾತ್ರೆ ಎತ್ತಿದಾಗ ಅವಳ ಕೈ ನಿಂತಿತು. ಪಾತ್ರೆಯಲ್ಲಿ ಇದ್ದದ್ದೇ ಒಂದು ಬೊಗಸೆ. ಬಣ್ಣ ಕೆಮ್ಮಣ್ಣು ಕದಡಿದಂತೆ. ಚೆಲ್ಲಿದ ಮೇಲೂ ತಳದಲ್ಲಿ ಸಣ್ಣ ಮರಳಿನಂಥದ್ದು ಅಂಟಿಕೊಂಡಿತ್ತು. ಬೆರಳಿನಿಂದ ಉಜ್ಜಿದರೆ ಗರಗರ ಎಂದಿತು. ಆ ಮಂಚದಲ್ಲಿದ್ದ ಅಂಬಮ್ಮ ಎಂಬ ಗೃಹಿಣಿಗೆ ಹಿಂದಿನ ದಿನವಷ್ಟೇ ಜ್ವರ ಬಿಟ್ಟಿತ್ತು.

ಮೂಕಮ್ಮ ಕಂಪೌಂಡರ್ ರಾಮಲಿಂಗಪ್ಪನಿಗೆ ಹೇಳಿದಳು. ಅವನು ತಕ್ಕಡಿಯಿಂದ ತಲೆ ಎತ್ತಲಿಲ್ಲ.

“ಬಿಸಲಿಗೆ ಉರಿಮೂತ್ರ ಆಗ್ಯಾದ. ನಿನ್ನ ಕೆಲಸ ನೀ ನೋಡ್ಕೊ.”

ಸಂಜೆಯ ಹೊತ್ತಿಗೆ ಅಂಬಮ್ಮ ಸೊಂಟ ಹಿಡಿದು ನರಳತೊಡಗಿದಳು. ಮರುದಿನ ಪಾತ್ರೆ ಒಣಗಿಯೇ ಇತ್ತು. ಡಾಕ್ಟರು ಗಾಬರಿಯಾಗಿ ಅವಳನ್ನು ರಾಯಚೂರಿನ ದೊಡ್ಡ ದವಾಖಾನೆಗೆ ಕಳಿಸಿದರು. ಅದೇ ವಾರ ಇನ್ನಿಬ್ಬರ ಪಾತ್ರೆಯಲ್ಲಿ ರಕ್ತ ಕಂಡಿತು. ಒಬ್ಬ ಜೋಳದ ವ್ಯಾಪಾರಿ, ಇನ್ನೊಬ್ಬ ಗುಡಿಯ ಪೂಜಾರಿಯ ತಮ್ಮ. ಗುಳಿಗೆ ನಿಲ್ಲಿಸಿದ ಮೇಲೆ ಇಬ್ಬರೂ ಹೇಗೋ ಸುಧಾರಿಸಿಕೊಂಡರು. ಸೈಫುದ್ದೀನರು ಗುಳಿಗೆಯ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

“ಎದಿ ಉಳಸಿ ಮೂತ್ರಪಿಂಡ ಕೊಲ್ಲೂ ದವಾ ನನಗ ಬ್ಯಾಡ,” ಎಂದರು. ಗುಲಬರ್ಗಾ ಕಡೆಯವರು, ಮೂವತ್ತು ದಾಟದ ವಯಸ್ಸು. ರೋಗಿ ನರಳಿದರೆ ತಾವೇ ಸಣ್ಣಗಾಗುವ ಸ್ವಭಾವ. ಆ ನಾಲ್ಕು ದಿನಗಳಲ್ಲಿ ಅವರು ಸರಿಯಾಗಿ ಉಂಡದ್ದನ್ನು ಮೂಕಮ್ಮ ಕಾಣಲಿಲ್ಲ.

ಐದನೆಯ ದಿನ ಬಾಗಲವಾಡದಿಂದ ಒಂದು ಬಂಡಿ ಬಂತು. ಬಂಡಿಯಲ್ಲಿ ಸಾಬಣ್ಣನೆಂಬ ಕುರಿಗಾರ ಮಲಗಿದ್ದ. ಇಪ್ಪತ್ತೆರಡರ ಪ್ರಾಯದವನು, ಹಿಂಡಿನ ಜೊತೆ ಬಯಲಲ್ಲಿ ಮಲಗಿ ಎದೆಜ್ವರ ಹಚ್ಚಿಕೊಂಡಿದ್ದ. ತುಟಿ ನೀಲಿಗಟ್ಟಿತ್ತು. ಒಂದೊಂದು ಉಸಿರಿಗೂ ಪಕ್ಕೆ ಒಳಗೆ ಹೋಗುತ್ತಿತ್ತು. ಅವನ ತಾಯಿ ಯಮನಮ್ಮ ಡಾಕ್ಟರ ಕಾಲು ಹಿಡಿದಳು.

“ಬಿಳಿಗುಳಿಗಿ ಕೊಡ್ರಿ ಯಪ್ಪಾ. ಅದರಿಂದ ಮಂದಿ ಎದ್ದು ಕುಂತಾರಂತ. ನನಗಿರೂದು ಇವನೊಬ್ಬನೇ.”

ಡಾಕ್ಟರು ಒಳಗೆ ಹೋಗಿ ಬೀರುವಿನ ಮುಂದೆ ನಿಂತರು. ಕೀಲಿ ಕೈಯಲ್ಲಿತ್ತು, ತೆರೆಯಲು ಆಗುತ್ತಿರಲಿಲ್ಲ. ಕೊಡದಿದ್ದರೆ ಹುಡುಗ ನಾಳೆಗೆ ಇರುವುದಿಲ್ಲ. ಕೊಟ್ಟರೆ ಏನಾಗುತ್ತದೋ ಗೊತ್ತಿಲ್ಲ. ಮೂಲೆಯಲ್ಲಿ ನೆಲ ಒರೆಸುತ್ತಿದ್ದ ಮೂಕಮ್ಮ ಅವರನ್ನೇ ನೋಡುತ್ತಿದ್ದಳು. ನಾಲ್ಕು ದಿನದಿಂದ ಅವಳ ತಲೆಯಲ್ಲಿ ಒಂದು ಲೆಕ್ಕ ಸುತ್ತುತ್ತಿತ್ತು. ಹೇಳಿದರೆ ಬೈಸಿಕೊಳ್ಳಬೇಕಾದೀತು. ಹೇಳದೆ ಇದ್ದು ಹೊರಗೆ ಮಲಗಿದ್ದ ಹುಡುಗ ಸತ್ತರೆ?

“ಡಾಕ್ಟರ್ ಸಾಬ್, ಒಂದು ಮಾತು ಅದರೀ,” ಎಂದಳು.

ಅವರು ತಿರುಗಿ ನೋಡಿದರು.

“ಆ ಗುಳಿಗಿ ತಗೊಂಡೋರು ಏಳು ಮಂದಿರೀ. ಮೂರು ಮಂದಿಗಿ ರಕ್ತ ಬಿತ್ತು. ನಾಕು ಮಂದಿಗಿ ಏನೂ ಆಗಲಿಲ್ಲ. ಅವರ ಪಾತ್ರಿ ನಾನೇ ತೊಳದೀನಿ, ತುಂಬ ಇರ್ತಿತ್ತು, ತಿಳಿ ಇರ್ತಿತ್ತು, ತಳದಾಗ ಮರಳು ಇರಲಿಲ್ಲ.”

“ಯಾರು ಆ ನಾಕು ಮಂದಿ?”

“ಮಹಬೂಬೀ. ಆಮ್ಯಾಲ ಆ ಫಕೀರ. ನಮ್ಮ ಕೇರಿಯೋರು ಇಬ್ಬರು.” ಮೂಕಮ್ಮ ಒರೆಸುವ ಬಟ್ಟೆ ಕೆಳಗಿಟ್ಟಳು. “ಆ ನಾಕು ಮಂದಿ ನನ್ನ ಕೈಯಾಗ ನೀರು ಕುಡಿಯೋರ್ರೀ. ಕೇಳಿದಾಗೊಮ್ಮಿ ಹಿತ್ತಲದಾಗಿನ ನನ್ನ ಗಡಿಗಿಯಿಂದ ಕೊಡತಿದ್ದೆ. ಉಳದ ಮೂವರು ನನ್ನ ನೀರು ಕುಡಿಯಂಗಿಲ್ಲ. ಸುಗ್ಗಿ ಅಂತ ಅವರ ಮನಿಯೋರು ಹೊತ್ತು ಏರೂದ್ರಾಗ ಹೊಲಕ್ಕ ಹೋದ್ರ ಬರೂದು ದೀಪ ಹಚ್ಚೂ ಹೊತ್ತಿಗಿ. ಎದ್ದು ಹರವಿ ತನಕ ಹೋಗಲಾರದ ಬಾಯಿ ಒಣಗಿಸಿಕೊಂಡು ಮಲಗತಿದ್ರು. ಗುಳಿಗೀನೂ ಒಂದು ಗುಟುಕಿನಾಗ ನುಂಗಿ ಬಿಡತಿದ್ರು.”

ಸೈಫುದ್ದೀನರು ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತರು. ಈ ಗುಳಿಗೆಯ ಮೇಲೆ ನೀರು ಹೆಚ್ಚು ಕುಡಿಸಬೇಕೆಂದು ಅವರು ಓದಿದ್ದರು. ಕಂಪೌಂಡರನ ಕೈಯಲ್ಲಿ ಹೇಳಿಸಿಯೂ ಇದ್ದರು. ಎಲ್ಲರೂ ಹೂಂ ಅಂದಿದ್ದರು. ನೀರು ಕೊಡುವವರು ಯಾರು ಎಂದು ಮಾತ್ರ ಅವರು ಕೇಳಿರಲಿಲ್ಲ. ಗುಳಿಗೆ ಕರಗಲು ನೀರು ಸಾಲದೆ ಮೂತ್ರದಲ್ಲಿ ಹರಳುಗಟ್ಟಿ, ಆ ಹರಳುಗಳು ಹಾದಿ ಕಟ್ಟಿದ್ದವು. ಮೂಕಮ್ಮ ಬೆರಳಲ್ಲಿ ಉಜ್ಜಿ ನೋಡಿದ ಮರಳು ಅದೇ.

“ಇದನ್ನ ಮೊದಲ ಯಾಕ ಹೇಳಲಿಲ್ಲಬೇ?”

“ಯಾರೂ ಕೇಳಲಿಲ್ರೀ.”

ಅವರು ಬೀರು ತೆರೆದರು.

ಸಾಬಣ್ಣನಿಗೆ ಗುಳಿಗೆ ಶುರುವಾಯಿತು. ಪ್ರತಿ ಗುಳಿಗೆಯ ಹಿಂದೆ ಹರಳು ಕಟ್ಟದಂತೆ ಸೋಡಾಪುಡಿ ಹಾಕಿದ ಒಂದು ತಂಬಿಗೆ ನೀರು, ನಡುವೆ ಇನ್ನೊಂದು ತಂಬಿಗೆ. ಪಾತ್ರೆಯಲ್ಲಿ ಬಿದ್ದದ್ದನ್ನು ಅಳೆದು ಹೇಳುವುದು ಮೂಕಮ್ಮನ ಕೆಲಸ. ಕುಡಿಸುವುದು ಯಮನಮ್ಮನದು, ಅವಳು ಊರಬಾವಿಯಿಂದ ತನ್ನ ತಾಮ್ರದ ಕೊಡದಲ್ಲಿ ನೀರು ತಂದಿಟ್ಟುಕೊಂಡಿದ್ದಳು. ಮೊದಲ ದಿನ ಎಲ್ಲ ಸರಿಯಾಗಿಯೇ ಇತ್ತು. ಎರಡನೆಯ ದಿನ ಪಾತ್ರೆ ಅರ್ಧಕ್ಕೆ ಇಳಿಯಿತು; ಡಾಕ್ಟರು ನೀರು ಹೆಚ್ಚಿಸಲು ಹೇಳಿದರು, ಯಮನಮ್ಮ ಹೂಂ ಅಂದಳು. ಮೂರನೆಯ ದಿನ ಬೆಳಿಗ್ಗೆ ಸಾಬಣ್ಣನ ಜ್ವರ ಬಿಟ್ಟಿತ್ತು, ಉಸಿರು ಹಗುರಾಗಿತ್ತು. ಆದರೆ ಪಾತ್ರೆಯಲ್ಲಿ ಕೆಮ್ಮಣ್ಣಿನ ಬಣ್ಣದ ನಾಲ್ಕು ಹನಿಯಷ್ಟೇ ಇತ್ತು. ಮೂಕಮ್ಮ ಕಿಟಕಿಯ ಹೊರಗೆ ಇಣುಕಿದಳು. ಒಣನೆಲದ ನಡುವೆ ಗೋಡೆಯ ಬುಡದಲ್ಲಿ ಮಾತ್ರ ಮಣ್ಣು ಒದ್ದೆಯಾಗಿತ್ತು.

“ನೀರು ಹೊರಗ ಚೆಲ್ಲಾಕತ್ತೀಯೇನು?” ಎಂದು ಕೇಳಿದಳು.

ಯಮನಮ್ಮ ಮೊದಲು ಸಿಟ್ಟಾದಳು, ಆಮೇಲೆ ಅಳತೊಡಗಿದಳು. “ಎದಿಯಾಗ ಕಫ ತುಂಬ್ಯಾದ. ಅದರ ಮ್ಯಾಲ ತಣ್ಣೀರು ಹಾಕಿದ್ರ ಮುಳುಗಿ ಹೋಗಂಗಿಲ್ಲೇನು? ನಮ್ಮತ್ತಿ ಜ್ವರದಾಗ ನೀರು ಕುಡದೇ ಸತ್ತಳು. ನಾ ಕಣ್ಣಾರೆ ನೋಡೀನಿ. ಡಾಕ್ಟರ್ ಬೈತಾರಂತ ಹೂಂ ಅಂದೆ.”

ಅಷ್ಟರಲ್ಲಿ ಸಾಬಣ್ಣ ಸೊಂಟಕ್ಕೆ ಕೈ ಒತ್ತಿ ಮಗ್ಗುಲಾದ. ಅಂಬಮ್ಮ ನರಳಿದ್ದೂ ಹಾಗೆಯೇ. ಡಾಕ್ಟರು ಓಡಿ ಬಂದರು. ಗುಳಿಗೆ ನಿಲ್ಲಿಸಿ ನೀರು ಕುಡಿಸಿ ಎಂದರು, ಈಗಿಂದೀಗಲೇ, ಎಷ್ಟು ಆದರೆ ಅಷ್ಟು. ಯಮನಮ್ಮನ ಕೊಡ ಬರಿದಾಗಿತ್ತು. ವಾರ್ಡಿನ ಹರವಿಯಲ್ಲೂ ತಳಕ್ಕೆ ನಾಲ್ಕು ಬೆರಳು ನೀರಿತ್ತು; ತುಂಬುವವನು ಇನ್ನೂ ಬಂದಿರಲಿಲ್ಲ. ಊರಬಾವಿಗೆ ಹೋಗಿ ಬರಲು ಅರ್ಧ ತಾಸು ಬೇಕು.

ಸಾಬಣ್ಣನೇ ಬಾಯಿ ಬಿಟ್ಟ. “ಆಕಿ ಗಡಿಗಿಯಾಗ ನೀರು ಅದಲ್ಲ. ಕೊಡು ಯವ್ವಾ.”

ಅವನು ಯವ್ವಾ ಎಂದದ್ದು ತನ್ನ ತಾಯಿಗಲ್ಲ. ಮೂಕಮ್ಮ ಕದಲಲಿಲ್ಲ. ಅವಳ ಕಣ್ಣು ಯಮನಮ್ಮನ ಮೇಲಿತ್ತು. ಕೊಟ್ಟ ಮೇಲೆ ಹುಡುಗನಿಗೆ ಏನಾದರೂ ಆದರೆ ಬಾಗಲವಾಡದ ಮಂದಿ ತನ್ನನ್ನು ಬಿಟ್ಟಾರೆಯೇ? ಕೇರಿಗೆ ಬೆಂಕಿ ಇಟ್ಟ ಕತೆಗಳನ್ನು ಅವಳು ಕೇಳಿದ್ದಳು. ಯಮನಮ್ಮ ಮಗನನ್ನು ನೋಡಿದಳು, ಬರಿದಾದ ಕೊಡವನ್ನು ನೋಡಿದಳು, ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಕೊಡು,” ಎಂದಳು. “ಎಷ್ಟು ಬೇಕೋ ಅಷ್ಟು ಕೊಡು. ನಾ ನೋಡಂಗಿಲ್ಲ.”

ಮೂಕಮ್ಮ ಹಿತ್ತಲಿಗೆ ಹೋಗಿ ಗಡಿಗೆಯನ್ನೇ ಎತ್ತಿ ತಂದಳು. ಡಾಕ್ಟರು ಸೋಡಾಪುಡಿ ಬೆರೆಸಿದರು. ಅವಳು ಸಾಬಣ್ಣನ ತಲೆಯ ಕೆಳಗೆ ಕೈಯಿಟ್ಟು ಎತ್ತಿ, ತಂಬಿಗೆಯನ್ನು ತುಟಿಗೆ ಹಿಡಿದಳು. ಅವನು ಗಟಗಟನೆ ಕುಡಿದ. ಸ್ವಲ್ಪ ತಡೆದು ಮತ್ತೆ ಕುಡಿದ. ಮೂರನೆಯ ತಂಬಿಗೆ ವಾಂತಿಯಾಯಿತು. ಬಾಯಿ ಒರೆಸಿ ನಾಲ್ಕನೆಯದನ್ನು ಗುಟುಕು ಗುಟುಕಾಗಿ ಇಳಿಸಿದಳು. ಬಿಸಿಲು ನೆತ್ತಿಗೆ ಬಂತು. ಏನೂ ಆಗಲಿಲ್ಲ. ಡಾಕ್ಟರು ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ರಾಮಲಿಂಗಪ್ಪ ತಕ್ಕಡಿ ಬಿಟ್ಟು ಬಾಗಿಲಲ್ಲಿ ಬಂದು ನಿಂತಿದ್ದ. ಗಡಿಗೆ ಮುಗಿದಾಗ ಅವನೇ ಅದನ್ನು ಕೇರಿಯ ಬಾವಿಯಿಂದ ತುಂಬಿಸಿ ತಂದ. ಯಾರೂ ಹೇಳಿರಲಿಲ್ಲ.

ಹೊತ್ತು ಇಳಿಮುಖವಾದಾಗ ಸಾಬಣ್ಣ, “ಪಾತ್ರಿ ಕೊಡ್ರಿ,” ಎಂದ.

ಮೂಕಮ್ಮ ಪಾತ್ರೆ ಕೊಟ್ಟು ಆಚೆ ತಿರುಗಿದಳು. ವಾರ್ಡಿನಲ್ಲಿ ಕೆಮ್ಮುವವರೂ ಕೆಮ್ಮು ತಡೆದುಕೊಂಡರು. ಮೊದಲು ತೊಟ್ಟು ತೊಟ್ಟು. ಮತ್ತೆ ನಿಂತಿತು. ಹುಡುಗ ಹಲ್ಲು ಕಚ್ಚಿ ಮುಲುಗಿದ. ಆಮೇಲೆ ಕಟ್ಟಿದ ಕಾಲುವೆಯ ಒಡ್ಡು ಕಿತ್ತ ಹಾಗೆ ಸರ್ರನೆ ಶುರುವಾದದ್ದು ನಿಲ್ಲಲೇ ಇಲ್ಲ. ಎಂಟನೆಯ ಮಂಚದ ಮುದುಕ “ಹೊಡಿ ಮಗನ!” ಎಂದು ಕೂಗಿದ. ಇಡೀ ವಾರ್ಡು ನಕ್ಕಿತು. ಸಾಬಣ್ಣನೂ ನಕ್ಕ, ನಗುತ್ತಲೇ ಅತ್ತ. ಡಾಕ್ಟರ್ ಸೈಫುದ್ದೀನ್ ಪಾತ್ರೆಯನ್ನು ತಾವೇ ಇಸಿದುಕೊಂಡು ಬೆಳಕಿಗೆ ಹಿಡಿದರು. ತಳದಲ್ಲಿ ಮರಳಿತ್ತು, ಮೇಲೆ ಬಣ್ಣ ಇನ್ನೂ ಕೆಂಪಗಿತ್ತು. ಆದರೆ ಪಾತ್ರೆ ಮುಕ್ಕಾಲು ತುಂಬಿತ್ತು. ಅವರು “ಶುಕರ್ ಅಲ್ಲಾ” ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಮೂಕಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಬೆಳಗಿನಿಂದ ತಾನೂ ಒಂದು ಗುಟುಕು ನೀರು ಕುಡಿದಿಲ್ಲವೆಂಬುದು ಆಗ ನೆನಪಾಯಿತು.

ನಾಲ್ಕು ದಿನದಲ್ಲಿ ಮೂತ್ರ ತಿಳಿಯಾಯಿತು. ಹೊರಡುವ ದಿನ ಯಮನಮ್ಮ ಮಗನಿಗೆ ದವಾಖಾನೆಯ ಹಿಂದೆಯೇ ತಲೆಯ ಮೇಲೆ ನೀರು ಸುರಿದು, ಮೈಲಿಗೆ ಕಳೆದು, ಹಣೆಗೆ ದೇವರ ಭಂಡಾರದ ಅರಿಸಿನ ಹಚ್ಚಿದಳು. ಮೂಕಮ್ಮ ಅದನ್ನು ಕಂಡೂ ಕಾಣದ ಹಾಗೆ ಕಸ ಗುಡಿಸಿದಳು. ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು. ಬಂಡಿ ಹತ್ತುವ ಮುಂಚೆ ಯಮನಮ್ಮ ಅವಳ ಹತ್ತಿರ ಬಂದಳು. ಕೈಯಲ್ಲಿ ಎರಡು ಬಿಳಿಗುಳಿಗೆ ಇದ್ದವು, ನಿಲ್ಲಿಸಿದ ದಿನ ಉಳಿದವು.

“ನಮ್ಮ ಮೈದುನಗೂ ಕೆಮ್ಮು ಅದ. ಇವನ್ನ ಕೊಡಲೇನು?”

“ಬ್ಯಾಡ. ಕೆಮ್ಮೆಲ್ಲಾ ಒಂದೇ ಅಲ್ಲ. ಅವನ್ನ ಇಲ್ಲಿ ಕೊಟ್ಟು ಹೋಗು, ಮೈದುನನ್ನ ಡಾಕ್ಟರಿಗಿ ತೋರಿಸು.”

ಯಮನಮ್ಮ ಗುಳಿಗೆಗಳನ್ನು ಅವಳ ಅಂಗೈಯಲ್ಲಿಟ್ಟಳು, ಬೆರಳು ತಾಗಿದ್ದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. “ಮನಿಯಾಗ ಇನ್ನ ಎಷ್ಟು ದಿನ ಹಿಂಗ ನೀರು ಕುಡಸಬೇಕು ಯವ್ವಾ?” ಎಂದು ಕೇಳಿದಳು.

“ಒಂದು ವಾರ. ಚೆಲ್ಲಬ್ಯಾಡ ಮತ್ತ.”

ಯಮನಮ್ಮ ಮೊದಲ ಸಲ ನಕ್ಕಳು.

ಮುಂದಿನ ವಾರ ಡಾಕ್ಟರು ಹತ್ತು ಹಾಳೆ ಬರೆದುಕೊಂಡು ರಾಯಚೂರಿಗೆ ಹೋದರು. ಯಾರು ಎಷ್ಟು ಗುಳಿಗೆ ತೆಗೆದುಕೊಂಡರು, ಎಷ್ಟು ನೀರು ಕುಡಿದರು, ಪಾತ್ರೆ ಹೇಗಿತ್ತು ಎಂದು ಮೂಕಮ್ಮ ಹೇಳಿದ್ದೆಲ್ಲ ಅದರಲ್ಲಿತ್ತು. ಹಿಂತಿರುಗಿ ಬಂದವರು ಅಂಗಳದಿಂದಲೇ ಕೂಗಿದರು:

“ಮೂಕಮ್ಮಾ! ಅಂಬಮ್ಮ ಎದ್ದು ಕುಂತಾಳ. ರೊಟ್ಟಿ ಗಟ್ಟಿ ಆಗ್ಯಾದಂತ ಸೊಸಿಗೆ ಬೈಯಾಕತ್ತಿದ್ದಳು!”

ಮೂಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಂಬಮ್ಮ ಸತ್ತಳೆಂದೇ ಅವಳು ಇಷ್ಟು ದಿನ ನಂಬಿದ್ದಳು. ಹಾಗೆಂದು ಯಾರ ಮುಂದೆಯೂ ಆಡಿರಲಿಲ್ಲ.

ದವಾಖಾನೆಯ ಗೋಡೆಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದ ಒಂದು ಹಲಗೆ ಬಂತು. ನೀರು ಕುಡಿಯದವರಿಗೆ ಬಿಳಿಗುಳಿಗೆ ಇಲ್ಲ. ಪಾತ್ರೆ ನೋಡದೆ ಮುಂದಿನ ಗುಳಿಗೆ ಇಲ್ಲ. ಮನೆಯವರು ಇಲ್ಲದಾಗ ದವಾಖಾನೆಯವರು ಯಾರು ಕೊಟ್ಟರೂ ಕುಡಿಯಬೇಕು. ಕೆಲವರು ಗೊಣಗಿದರು. ಇಬ್ಬರು ಮಂಚ ಬಿಟ್ಟು ಎದ್ದು ಹೋದರು, ಅವರಲ್ಲಿ ಒಬ್ಬ ಮರುದಿನವೇ ತಿರುಗಿ ಬಂದ. ಆ ಬೇಸಿಗೆಯಲ್ಲಿ ಇನ್ನೂ ಹದಿನಾಲ್ಕು ಮಂದಿ ಗುಳಿಗೆ ತೆಗೆದುಕೊಂಡರು. ಒಬ್ಬರ ಪಾತ್ರೆಯಲ್ಲೂ ಕೆಂಪು ಕಾಣಲಿಲ್ಲ.

ದೇವದುರ್ಗದ ದವಾಖಾನೆಗೂ ಆ ಗುಳಿಗೆ ಬರಲಿದೆಯೆಂದು ತಿಳಿದಾಗ ಡಾಕ್ಟರು ಚೀಟಿ ಬರೆಯಲು ಕೂತು, ಬರೆಯುವುದನ್ನು ನಿಲ್ಲಿಸಿ, “ನೀನೇ ಹೋಗಿ ಹೇಳಿ ಬಾ. ಚೀಟಿ ಓದಿ ಮಡಚಿ ಇಡತಾರ,” ಎಂದರು. ಮೂಕಮ್ಮ ಇದ್ದಿಲ ಹೊಗೆ ಉಗುಳುವ ಬಸ್ಸಿನಲ್ಲಿ ಕೂತು ತವರೂರಿಗೆ ಹೋದಳು. ಅಲ್ಲಿ ತನ್ನದೇ ಕೆಲಸ ಮಾಡುವ ಶೇಖಮ್ಮನನ್ನು ಹಿತ್ತಲಿನ ಬೇವಿನ ನೆರಳಲ್ಲಿ ಕೂರಿಸಿಕೊಂಡು ಬಣ್ಣ ಹೇಗಿದ್ದರೆ ಸರಿ, ಮರಳು ಕಂಡರೆ ಏನು ಮಾಡಬೇಕು, ಯಾರು ಕದ್ದು ಚೆಲ್ಲುತ್ತಾರೆ ಎಂಬುದನ್ನೆಲ್ಲ ಹೇಳಿದಳು.

“ನಾ ಹೇಳಿದ್ರ ಡಾಕ್ಟರ್ ಕೇಳತಾರೇನಕ್ಕಾ?” ಎಂದಳು ಶೇಖಮ್ಮ.

“ಒಂದು ಸಲಕ್ಕ ಕೇಳಂಗಿಲ್ಲ. ಎರಡನೇ ಸಲ ಪಾತ್ರಿ ಒಯ್ದು ಮೇಜಿನ ಮ್ಯಾಲ ಇಡು.”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಲ್ಲಿಂದ ಎದ್ದು ಮೂಕಮ್ಮ ಅಣ್ಣನ ಮನೆಗೆ ಹೋದಳು. ಬಿಸಿ ರೊಟ್ಟಿ, ಪುಂಡಿಪಲ್ಲೆ ಉಂಡಳು. ನೀರು ಕುಡಿದು, ಕಟ್ಟೆಯ ನೆರಳಿಗೆ ಚಾಪೆ ಎಳೆದುಕೊಂಡು, ತಿಂಗಳಿಂದ ಬಾರದ ನಿದ್ದೆಯನ್ನು ಹೊತ್ತು ಮುಳುಗುವವರೆಗೂ ಮಾಡಿದಳು.