ಬ್ಲ್ಯಾಕ್‌ಹೀತ್‌ನ ಶನಿವಾರಗಳು

ಏಪ್ರಿಲ್ ಕೊನೆಯ ವಾರದಲ್ಲಿ ಬ್ಲ್ಯಾಕ್‌ಹೀತ್‌ನಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಅಲ್ಲಿ ಅದು ಎಲೆ ಉದುರುವ ಕಾಲ; ಬಣ್ಣ ತಿರುಗಿದ ಎಲೆ ನೋಡುವುದಕ್ಕೆಂದು ಸಿಡ್ನಿಯ ಅರ್ಧ ಜನ ಬೆಟ್ಟ ಹತ್ತಿ ಬಂದಿರುತ್ತಾರೆ. ಬೀದಿಯ ಎರಡೂ ಬದಿಯ ಮೇಪಲ್ ಮರಗಳು ಕೆಂಪಾಗಿ, ಹಳದಿಯಾಗಿ ನಿಂತಿರುತ್ತವೆ. ಮಕ್ಕಳು ಬಿದ್ದ ಎಲೆಗಳನ್ನು ಬಾಚಿ ಬಾಚಿ ಒಬ್ಬರ ಮೇಲೊಬ್ಬರು ಎರಚುತ್ತಿರುತ್ತಾರೆ. ಆ ಶನಿವಾರವೂ ಹಾಗೇ ಇತ್ತು. ಅಗಸ್ಟಿನ್ ಯಾವ ಮರವನ್ನೂ ನೋಡದೆ ಊರಿನ ಆಚೆ ತುದಿಗೆ ಹೋಗಿ, ಕಣಿವೆಗೆ ಇಳಿಯುವ ದಾರಿಯ ಬಾಯಲ್ಲಿ ಕಾರು ನಿಲ್ಲಿಸಿದ. ಅವನಿಗೆ ಅಲ್ಲಿ ಕಾಯಂ ಜಾಗವೊಂದಿತ್ತು.

ಹಿಂದಿನ ಸೀಟಿನಿಂದ ಅವನ ಹೆಂಡತಿ ಅಸುಂತಾ ಇಳಿದಳು. ಜೊತೆಗೆ ಇಳಿದ ಮಗಳು ಜೊವಾನಿಟಾ ಆ ವಾರಾಂತ್ಯಕ್ಕೆಂದು ಮೆಲ್ಬರ್ನ್‌ನಿಂದ ವಿಮಾನದಲ್ಲಿ ಬಂದಿದ್ದಳು. ಕ್ರೇಗಿಬರ್ನ್‌ನ ಒಂದು ದಂತ ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ, ಮನೆಯೂ ಅಲ್ಲೇ. ಅಪ್ಪ ಅಮ್ಮನನ್ನು ಹೇಗಾದರೂ ಮಾಡಿ ತನ್ನ ಜೊತೆ ಕರೆದುಕೊಂಡು ಹೋಗಬೇಕೆಂದು ನಿರ್ಧರಿಸಿಯೇ ಬಂದಿದ್ದಳು. ಆದರೆ ಆ ಮಾತನ್ನು ಎಲ್ಲಿಂದ ಶುರು ಮಾಡುವುದೆಂದು ಅವಳಿಗೆ ತಿಳಿದಿರಲಿಲ್ಲ.

ಎರಡು ವರ್ಷದ ಹಿಂದೆ ಇಂಥದೇ ಒಂದು ಶನಿವಾರ ಅವಳ ತಮ್ಮ ಲೆಸ್ಟರ್ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಮನೆಯಿಂದ ಹೊರಟಿದ್ದ. ಕೊನೇ ವರ್ಷದ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಜೊತೆಗೆ ಬರಬೇಕಿದ್ದ ಗೆಳೆಯನಿಗೆ ಜ್ವರ ಬಂದಿದ್ದರಿಂದ ಒಬ್ಬನೇ ಬ್ಲ್ಯಾಕ್‌ಟೌನ್‌ನಲ್ಲಿ ಟ್ರೇನು ಬದಲಿಸಿ ಇಲ್ಲಿಗೆ ಬಂದ. ಬೀದಿಯ ಮರಗಳ ಫೋಟೊ ತೆಗೆದು ಅಮ್ಮನಿಗೆ ಕಳಿಸಿದ. ಸಂಜೆ ಊಟಕ್ಕೆ ಮನೆಯಲ್ಲಿರುತ್ತೇನೆ, ಮೀನು ಇದ್ದರೆ ಇಡು ಎಂದು ಬರೆದ. ಆಮೇಲೆ ಅವನು ಕಣಿವೆಯ ದಾರಿ ಹಿಡಿದು ಇಳಿದದ್ದನ್ನು ವೃದ್ಧ ದಂಪತಿಗಳು ನೋಡಿದ್ದರು. ಅಷ್ಟೇ. ಪೊಲೀಸರು, ಸ್ವಯಂಸೇವಕರು, ನಾಯಿಗಳು, ಹೆಲಿಕಾಪ್ಟರ್ ಎಲ್ಲ ಬಂದವು. ಮಳೆಯೂ ಮಂಜೂ ಬಂದವು. ಕೊನೆಗೆ ಒಬ್ಬ ಅಧಿಕಾರಿ ಬಂದು, ಹುಡುಕಾಟವನ್ನು ಸದ್ಯಕ್ಕೆ ನಿಲ್ಲಿಸುತ್ತಿದ್ದೇವೆ ಎಂದು ಬಹಳ ಮೆತ್ತಗೆ ಹೇಳಿದ. ಆ ‘ಸದ್ಯಕ್ಕೆ’ ಎಂಬ ಒಂದು ಮಾತನ್ನು ಹಿಡಿದುಕೊಂಡು ಅಗಸ್ಟಿನ್ ಅಂದಿನಿಂದ ಒಂದು ಶನಿವಾರವನ್ನೂ ತಪ್ಪಿಸಿರಲಿಲ್ಲ. ಮೊದಮೊದಲು ಚರ್ಚಿನವರು ಗುಂಪು ಕಟ್ಟಿಕೊಂಡು ಜೊತೆಗೆ ಬರುತ್ತಿದ್ದರು. ಬರಬರುತ್ತ ಅವರ ಮನೆಗಳಲ್ಲೂ ಮದುವೆ, ನಾಮಕರಣ, ಮಕ್ಕಳ ಪರೀಕ್ಷೆ ಬಂದವು.

ದಾರಿ ಕಲ್ಲಿನ ಮೆಟ್ಟಿಲುಗಳಲ್ಲಿ ಇಳಿಯುತ್ತ ಒಂದು ಬಂಡೆಯ ಚಾವಡಿಗೆ ಬರುತ್ತದೆ. ಅಲ್ಲಿಂದ ಇಡೀ ಕಣಿವೆ ಕಾಣುತ್ತದೆ. ಅಸುಂತಾಳ ಮೊಣಕಾಲು ಅಲ್ಲಿಂದ ಮುಂದಕ್ಕೆ ಒಪ್ಪುತ್ತಿರಲಿಲ್ಲ. ಅಗಸ್ಟಿನ್ ಹಗ್ಗ, ಕತ್ತಿ, ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪಟ್ಟಿಯ ಸುರುಳಿ ಹಿಡಿದು ದಾರಿ ಬಿಟ್ಟು ಪೊದೆಯೊಳಗೆ ಇಳಿದ. ನೋಡಿ ಮುಗಿಸಿದ ಜಾಗದಲ್ಲಿ ಅವನು ಒಂದು ಪಟ್ಟಿ ಕಟ್ಟುತ್ತಿದ್ದ. ಮೇಲಿನಿಂದ ನೋಡಿದರೆ ಅಲ್ಲಲ್ಲಿ ಆ ಪಟ್ಟಿಗಳು ಕಾಣುತ್ತಿದ್ದವು. ಉಳಿದ ಕಾಡಿನ ಮುಂದೆ ಅವು ಏನೇನೂ ಅಲ್ಲ.

ತಾಯಿ ಮಗಳು ಕೊಂಕಣಿಯಲ್ಲಿ ಏನೋ ಮಾತಾಡುತ್ತ ಕೂತಿದ್ದಾಗ ಒಂದು ಗುಂಪು ನಗುತ್ತ ಮೆಟ್ಟಿಲಿಳಿದು ಬಂತು. ಮುಂದೆ ಬಂದ ಹೆಂಗಸು ನಿಂತು ಕಿವಿಗೊಟ್ಟಳು.

“ನೀವು ಮಂಗಳೂರು ಕಡೆಯವ್ರಾ ಆಂಟಿ? ಕೊಂಕಣಿ ಕೇಳಿಸ್ತು.”

“ಹೌದು. ಬಂಟ್ವಾಳದ ಹತ್ತಿರ.”

“ಅಯ್ಯೋ, ಎಷ್ಟು ಖುಷಿ ಆಯ್ತು! ನಾವು ಸ್ಕೋಫೀಲ್ಡ್ಸ್‌ನಲ್ಲಿರೋದು. ನಾನು ಅಹಲ್ಯಾ, ಇವ್ರು ನನ್ನ ಹಸ್ಬೆಂಡ್ ಸುದರ್ಶನ್. ಎವ್ರಿ ಇಯರ್ ನಾಲ್ಕೈದು ಫ್ಯಾಮಿಲಿ ಸೇರ್ಕೊಂಡು ಎಲೆ ನೋಡೋಕೆ ಬರ್ತೀವಿ. ಕೂತ್ಕೊಳ್ಳಿ ಕೂತ್ಕೊಳ್ಳಿ, ಪುಳಿಯೋಗರೆ ತಂದಿದೀನಿ.”

ಬೇಡವೆನ್ನುವುದರೊಳಗೆ ಕಾಗದದ ತಟ್ಟೆ ಕೈಗೆ ಬಂತು. ಅಹಲ್ಯಾ ಬಡಿಸುತ್ತಲೇ ಮಾತಾಡಿದಳು. ಅವಳ ಮಾತಿನಲ್ಲಿ ಬರೀ ಅಕ್ಕರೆಯಿತ್ತು.

“ಇವ್ಳು ಮಗಳಾ? ಒಬ್ಳೇನಾ?”

“ಮಗ ಉಂಟು,” ಎಂದಳು ಅಸುಂತಾ.

“ಬರ್ಲಿಲ್ವಾ ಅವ್ನು?”

“ಬಂದಿದ್ದಾನೆ. ಹಿಂದೆ ಬರ್ತಾ ಇದ್ದಾನೆ. ಅವನಿಗೆ ಕಂಡದ್ದೆಲ್ಲ ಫೋಟೊ ತೆಗೀಲಿಕ್ಕೆ ಆಗ್ಬೇಕು.”

ಜೊವಾನಿಟಾ ತಲೆಯೆತ್ತಿ ಅಮ್ಮನನ್ನು ನೋಡಿದಳು. ಅಸುಂತಾಳ ಮುಖದಲ್ಲಿ ಎರಡು ವರ್ಷಗಳಿಂದ ಕಾಣದಿದ್ದ ಒಂದು ಸಲಿಗೆ, ಮಗನ ಮೇಲಿನ ಸುಳ್ಳು ಸಿಟ್ಟು ಬಂದಿತ್ತು. ದನಿ ಹಗುರವಾಗಿತ್ತು.

“ನಮ್ಮ ಮಗಳು ಆದ್ಯಾನೂ ಸೇಮ್!” ಎಂದಳು ಅಹಲ್ಯಾ. “ಇರ್ಲಿ, ಅವ್ನಿಗೂ ಒಂದು ಪ್ಲೇಟ್ ಎತ್ತಿಡ್ತೀನಿ. ಹುಡುಗ್ರು ಹಸ್ಕೊಂಡಿರ್ತಾರೆ.”

“ಸ್ವಲ್ಪ ಜಾಸ್ತಿ ಹಾಕಿ,” ಎಂದಳು ಅಸುಂತಾ. “ಅವನು ಚೆನ್ನಾಗಿ ಉಣ್ಣುತ್ತಾನೆ.”

ಅಹಲ್ಯಾ ಒಂದು ತಟ್ಟೆ ತುಂಬ ಬಡಿಸಿ, ಮೇಲೊಂದು ತಟ್ಟೆ ಕವುಚಿ, ಗಾಳಿಗೆ ಹಾರದಂತೆ ಕಲ್ಲು ಹೇರಿಟ್ಟಳು. ಜೊವಾನಿಟಾ ತನ್ನ ತಟ್ಟೆಯನ್ನು ಕೆಳಗಿಟ್ಟಳು. ಅಹಲ್ಯಾ ಕೇಳಿದ ಪ್ರಶ್ನೆಗಳಿಗೆಲ್ಲ ಅಮ್ಮ ಉತ್ತರ ಕೊಡುತ್ತಿದ್ದಳು. ಎಂಜಿನಿಯರಿಂಗ್ ಮುಗಿಯುತ್ತಾ ಬಂತು. ಇಲ್ಲ, ಮದುವೆಗೆ ಇನ್ನೂ ಅವಸರ ಇಲ್ಲ. ಹೌದು, ಕನ್ನಡ ಅರ್ಥ ಆಗುತ್ತದೆ, ಆದರೆ ಇಂಗ್ಲಿಷಲ್ಲೇ ಉತ್ತರ ಕೊಡುತ್ತಾನೆ.

ಅಷ್ಟರಲ್ಲಿ ಅಗಸ್ಟಿನ್ ಪೊದೆಯಿಂದ ಹತ್ತಿ ಬಂದ. ಮುಂಗೈಯೆಲ್ಲ ತರಚಿತ್ತು. ಅಹಲ್ಯಾ ನಕ್ಕು ಅವನನ್ನು ಮಾತಾಡಿಸಿದಳು.

“ಅಂಕಲ್, ನೀವು ಬಂದ್ರಿ, ನಿಮ್ಮ ಮಗ ಎಲ್ಲಿ? ಹಿಂದೆ ಬರ್ತಿದಾನಂತಲ್ಲ?”

ಅಗಸ್ಟಿನ್ ತಟ್ಟನೆ ಹಿಂದಕ್ಕೆ ತಿರುಗಿದ. ಮೆಟ್ಟಿಲ ದಾರಿಯನ್ನು ಮೇಲಿನವರೆಗೂ ನೋಡಿದ. ಏನನ್ನೂ ಯೋಚಿಸುವ ಮೊದಲೇ ಅವನ ಮೈ ತಿರುಗಿಬಿಟ್ಟಿತ್ತು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಇತ್ತ ತಿರುಗಿದಾಗ ಅವನ ಮುಖವನ್ನು ನೋಡಲಾರದೆ ಜೊವಾನಿಟಾ ಎದ್ದು ನಿಂತಳು.

“ಅವನಿಲ್ಲ ಆಂಟಿ. ಟೂ ಇಯರ್ಸ್ ಆಯ್ತು. ಇಲ್ಲೇ ಇಳಿದು ಹೋದವನು ವಾಪಸು ಬರಲಿಲ್ಲ. ನಾವು ಅವನನ್ನು ಹುಡುಕಲಿಕ್ಕೆ ಬರುವುದು.”

ಅಹಲ್ಯಾ ಸೌಟನ್ನು ಡಬ್ಬಿಯೊಳಗಿಟ್ಟಳು. ಅವಳಿಗೆ ನೆನಪಾಯಿತು. ವಾಟ್ಸಾಪಿನಲ್ಲಿ ಆ ಹುಡುಗನ ಫೋಟೊ ಓಡಾಡಿತ್ತು. ಅವಳೂ ನಾಲ್ಕು ಜನಕ್ಕೆ ಕಳಿಸಿದ್ದಳು. ಅಸುಂತಾಳ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. ಅಸುಂತಾ ಕೈ ಬಿಡಿಸಿಕೊಳ್ಳಲಿಲ್ಲ, ಅಳಲೂ ಇಲ್ಲ. ಮುಖ ಮೊದಲಿನಂತೆ ಮುಚ್ಚಿಕೊಂಡಿತ್ತು.

ಸುದರ್ಶನ್ ಬೆನ್ನಿನ ಚೀಲ ಕೆಳಗಿಟ್ಟ. “ಅಂಕಲ್, ನಡೀರಿ, ನಾನೂ ಬರ್ತೀನಿ. ಎಲ್ಲಿ ನೋಡ್ಬೇಕು ಹೇಳಿ.”

ಅಗಸ್ಟಿನ್‌ಗೆ ತುಂಬ ದಿನಗಳ ಮೇಲೆ ಒಬ್ಬ ಜೊತೆಗಾರ ಸಿಕ್ಕಿದ್ದ. ಇಳಿಯುತ್ತ ಅವನು ಬಿಡದೆ ಮಾತಾಡಿದ.

“ನೋಡಿ, ಮೇಲೆ ಊರಲ್ಲಿ ಕೆಂಪು ಎಲೆಯ ಮರ ಉಂಟಲ್ಲ, ಅದೆಲ್ಲ ಹೊರಗಿನಿಂದ ತಂದು ನೆಟ್ಟದ್ದು. ಕಾಡಿನ ಮರ ಹಾಗೆ ಬೋಳಾಗುವುದೇ ಇಲ್ಲ. ವರ್ಷ ಇಡೀ ಇದೇ ಹಸಿರು. ಬೋಳಾಗ್ತಿದ್ದರೆ ಚಳಿಗಾಲದಲ್ಲಿ ಒಮ್ಮೆಯಾದರೂ ನೆಲ ಕಾಣ್ತಿತ್ತು. ಇದು ಬಿಟ್ಟುಕೊಡುವುದೇ ಇಲ್ಲ.”

ಸುದರ್ಶನ್ ಬಿದ್ದಿದ್ದ ಒಂದು ಕೋಲು ಎತ್ತಿಕೊಂಡ. ಜರಿಗಿಡಗಳನ್ನು ಕೋಲಿನಿಂದ ಸರಿಸುತ್ತ ನಡೆದ. ಒಂದು ಬಂಡೆಯ ಕೆಳಗೆ, ಕೊಳೆತ ತೊಗಟೆಗಳ ನಡುವೆ, ಪಾಚಿ ಹಿಡಿದ ಒಂದು ಶೂ ಅವನ ಕಣ್ಣಿಗೆ ಬಿತ್ತು. ಕೂಗಬೇಕೋ ಬೇಡವೋ ಎಂದು ಒಂದು ಕ್ಷಣ ನಿಂತ. ಆಮೇಲೆ ಕೂಗಿದ.

ಅಗಸ್ಟಿನ್ ಮೊಣಕಾಲೂರಿ ಅದನ್ನು ಎತ್ತಿಕೊಂಡ. ಸುತ್ತಮುತ್ತಲ ನೆಲವನ್ನೆಲ್ಲ ಕೈಯಿಂದ ಕೆದಕಿದ. ಬೇರೇನೂ ಸಿಗಲಿಲ್ಲ. ಶೂವನ್ನು ಎದೆಗವಚಿಕೊಂಡು ಮೇಲೆ ಬಂದ. ಆ ವಯಸ್ಸಿನಲ್ಲಿ ಅವನು ಹತ್ತಿದ ವೇಗಕ್ಕೆ ಸುದರ್ಶನ್ ಹಿಂದೆ ಬಿದ್ದ.

“ಅಸುಂತಾ, ಸಿಕ್ಕಿತು. ಲೆಸ್ಟರ್‌ನದ್ದು.”

ಅಸುಂತಾ ಎರಡೂ ಕೈಯಿಂದ ಶೂ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಒಳಗೆ ಬೆರಳಿಟ್ಟು ನೋಡಿದಳು.

“ಇದು ಹೆಂಗಸಿನ ಶೂ.”

“ಎಂತ ಹೆಂಗಸಿನದ್ದು? ಸರಿ ನೋಡು.”

“ಅವನ ಕಾಲು ನಿಮ್ಮ ಕಾಲಿಗಿಂತ ದೊಡ್ಡದು. ಇದರಲ್ಲಿ ನನ್ನ ಕಾಲೂ ಹೋಗುವುದಿಲ್ಲ.”

“ಮಳೆಗೆ ಕುಗ್ಗಿದೆ. ಎರಡು ಮಳೆಗಾಲ ಕಳೆದಿದೆ ಅದರ ಮೇಲೆ. ಚರ್ಮ ಕುಗ್ಗುತ್ತದೆ.”

“ಡ್ಯಾಡಿ,” ಎಂದಳು ಜೊವಾನಿಟಾ. “ಅವನು ಹಾಕಿದ್ದು ಕ್ಯಾನ್ವಾಸ್ ಶೂ. ಸ್ಟೇಷನ್ ಕ್ಯಾಮೆರಾದಲ್ಲಿ ಕಾಣ್ತದೆ.”

“ನೀವಿಬ್ಬರೂ ಸುಮ್ಮನಿರಿ!”

ಅವನ ಕೂಗಿಗೆ ಅಹಲ್ಯಾಳ ಗುಂಪಿನ ಮಕ್ಕಳು ಹೆದರಿ ಸರಿದು ನಿಂತರು. ಅಗಸ್ಟಿನ್ ಶೂವನ್ನು ತನ್ನ ಜಾಕೆಟ್ಟಿನಲ್ಲಿ ಸುತ್ತಿಕೊಂಡ. ಕಾರಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಜೊವಾನಿಟಾ ಗಾಡಿ ಓಡಿಸಿದಳು. ಪೊಲೀಸ್ ಠಾಣೆಯಲ್ಲಿ ಒಬ್ಬ ತರುಣಿ ಅಧಿಕಾರಿ ಅದನ್ನು ಗೌರವದಿಂದಲೇ ತೆಗೆದುಕೊಂಡು ಚೀಲದಲ್ಲಿ ಹಾಕಿದಳು. ಕೆಲವು ದಿನದ ಮೇಲೆ ಅವಳೇ ಫೋನ್ ಮಾಡಿ, ಅದು ನಿಮ್ಮ ಮಗನದಲ್ಲ, ಯಾರೋ ಎಂದೋ ಬಿಟ್ಟುಹೋದ ಹಳೆಯ ಶೂ ಎಂದಳು. ಸರಿಯಾಗಿ ನೋಡಿದಿರಾ ಎಂದು ಅಗಸ್ಟಿನ್ ಕೇಳಿದ. ನೋಡಿದೆವು ಸರ್ ಎಂದಳು. ಇನ್ನೊಮ್ಮೆ ನೋಡಿ ಎಂದ.

ಆ ವಾರವೇ ಅಸುಂತಾ ಮಗಳ ಮನೆಗೆ ಹೋಗಲು ಬಟ್ಟೆ ಜೋಡಿಸಿಕೊಂಡಳು. ವೃದ್ಧರ ಆರೈಕೆ ಕೇಂದ್ರದ ತನ್ನ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ.

“ನನ್ನಿಂದ ಆಗುವುದಿಲ್ಲ ಇನ್ನು,” ಎಂದಳು. “ಅಲ್ಲಿ ಕೂತು ನಾನು ಪುಳಿಯೋಗರೆ ಕೊಟ್ಟ ಆ ಹುಡುಗಿಗೆ ಎಂತೆಲ್ಲ ಸುಳ್ಳು ಹೇಳಿದೆ ಗೊತ್ತುಂಟಾ? ಹೇಳುವಾಗ ನನಗೆ ಸುಖ ಆಗ್ತಿತ್ತು. ಇನ್ನೊಂದು ಸಲ ಹೋದರೆ ನನಗೆ ಹುಚ್ಚು ಹಿಡಿಯುತ್ತದೆ. ನೀವೂ ಬನ್ನಿ.”

“ಎಲ್ಲರೂ ಹೋದರೆ? ಅವನು ಬಂದಾಗ ಮನೆಯಲ್ಲಿ ಯಾರೂ ಇರುವುದು ಬೇಡವಾ?”

ಅವಳು ಗಂಡನ ಬಟ್ಟೆಗಳನ್ನು ಒಗೆದು ಮಡಿಸಿಟ್ಟು, ಸಾರು ಮಾಡಿ ಫ್ರೀಜರಿನಲ್ಲಿಟ್ಟು ಹೊರಟಳು. ಅವನು ವಿಮಾನ ನಿಲ್ದಾಣಕ್ಕೆ ಬರಲಿಲ್ಲ. ಅಂದು ಶನಿವಾರವಾಗಿತ್ತು.

ಕ್ರೇಗಿಬರ್ನ್‌ನ ಮನೆ ಹೊಸದು. ಲೆಸ್ಟರ್ ಕಾಲಿಡದ ಮನೆ ಎನ್ನುವುದೇ ಅದರ ಗುಣ ಎಂದು ಜೊವಾನಿಟಾ ಅಂದುಕೊಂಡಿದ್ದಳು. ಆದರೆ ಅಮ್ಮನಿಗೆ ಅದೇ ಆ ಮನೆಯ ದೋಷವಾಗಿತ್ತು. ಮೊದಲ ವಾರಗಳಲ್ಲಿ ಜೊವಾನಿಟಾಳ ಗೆಳತಿಯೊಬ್ಬಳು, ಮೌಂಟ್ ಮೆಸಿಡಾನ್‌ನಲ್ಲಿ ಇನ್ನೂ ಸ್ವಲ್ಪ ಕೆಂಪು ಎಲೆ ಉಳಿದಿದೆ, ಆಂಟಿಯನ್ನು ಕರೆದುಕೊಂಡು ಹೋಗೋಣ, ಹತ್ತಿರವೇ ಅಲ್ಲವಾ ಎಂದಳು. ಪಾಪ, ಅವಳಿಗೆ ಗೊತ್ತಿರಲಿಲ್ಲ. ಅಸುಂತಾ ತಲೆನೋವೆಂದು ಹೇಳಿ ಒಳಗೆ ಹೋಗಿ ಮಲಗಿದಳು.

ಹಗಲು ಹೇಗೋ ಕಳೆಯುತ್ತಿತ್ತು. ಶನಿವಾರಗಳು ಮಾತ್ರ ಬೇರೆ. ಬೆಳಿಗ್ಗೆ ಎದ್ದ ಕೂಡಲೇ, ಇವರು ಈಗ ಹೊರಟಿರುತ್ತಾರೆ ಎಂದುಕೊಳ್ಳುವಳು. ಕಾಫಿ ಕುಡಿಯುವಾಗ, ಈಗ ಮೆಟ್ಟಿಲಿಳಿಯುತ್ತಿರುತ್ತಾರೆ. ಮಧ್ಯಾಹ್ನ, ಈಗ ಬುತ್ತಿ ಬಿಚ್ಚಿರುತ್ತಾರೆ. ಗಂಡನ ಹಟದ ಮೇಲೆ ಅವಳಿಗೆ ಸಿಟ್ಟಿತ್ತು. ಆದರೂ ಅವನು ಅಲ್ಲಿ ಹುಡುಕುತ್ತಿರುವವರೆಗೆ ತಾನು ಇಲ್ಲಿ ಉಣ್ಣಬಹುದು, ಮಲಗಬಹುದು ಎಂದು ಅವಳಿಗೆ ಒಳಗೊಳಗೆ ಅನಿಸುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಫೋನಿನಲ್ಲಿ ಅವನನ್ನು ಊಟ, ಮಾತ್ರೆ, ಚಳಿ ಬಗ್ಗೆ ಬಿಟ್ಟು ಇನ್ನೇನೂ ಕೇಳುತ್ತಿರಲಿಲ್ಲ. ಅವನೂ ಹೇಳುತ್ತಿರಲಿಲ್ಲ.

ಅಕ್ಟೋಬರ್ ಕೊನೆಗೆ ಅಲ್ಲಿನ ಚರ್ಚಿನಲ್ಲಿ, ನವೆಂಬರ್ ತಿಂಗಳ ಪೂಜೆಯಲ್ಲಿ ಸ್ಮರಿಸಬೇಕಾದ ಮೃತರ ಹೆಸರುಗಳನ್ನು ಕೊಡಿ ಎಂದು ಫಾದರ್ ಹೇಳಿದರು. ಮನೆಗೆ ಬಂದ ಮೇಲೆ ಜೊವಾನಿಟಾ ಅಮ್ಮನ ಹತ್ತಿರ ಬಂದು ಕೂತಳು.

“ಮಮ್ಮಿ, ಲೆಸ್ಟರ್ ಹೆಸರು ಕೊಡೋಣವಾ?”

ಅಸುಂತಾ ಎದ್ದು ಕಾಫಿಗೆ ನೀರಿಟ್ಟಳು.

“ಎಲ್ಲಿಯೂ ಅವನ ಆತ್ಮಕ್ಕೆ ಒಂದು ಪ್ರಾರ್ಥನೆ ಆಗಲಿಲ್ಲ. ಕಳೆದುಹೋದವನು ಸಿಗಲಿ ಎಂದು ಬೇಡಿದೆವು. ಆ ಇನ್ನೊಂದು ಬೇಡಲೇ ಇಲ್ಲ.”

“ಡ್ಯಾಡಿಯನ್ನು ಕೇಳದೆ ಬೇಡ,” ಎಂದಳು ಅಸುಂತಾ. ಅಗಸ್ಟಿನ್ ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಅವನು ಕಿರುಚುತ್ತಾನೆ. ನನ್ನ ಮಗನನ್ನು ಸಾಯಿಸಬೇಡಿ ಎನ್ನುತ್ತಾನೆ. ಆಮೇಲೆ ಈ ಮಾತು ಅಲ್ಲಿಗೆ ಮುಗಿಯುತ್ತದೆ. ಬೇಗ ಮುಗಿಯಲಿ ಎಂದು ಅವಳು ಆಗಲೇ ಫೋನ್ ಮಾಡಿದಳು.

“ಊಟ ಆಯ್ತಾ?”

“ಆಯ್ತು.”

“ಇಲ್ಲಿ ಚರ್ಚಲ್ಲಿ ತೀರಿಹೋದವರ ಹೆಸರು ಕೇಳಿದ್ದಾರೆ. ಜೊವಾನಿಟಾ, ನಮ್ಮ ಲೆಸ್ಟರಂದು ಕೊಡುವುದಾ ಅಂತ ಕೇಳ್ತಾಳೆ. ನೀವು ಬೇಡ ಅಂದ್ರೆ ಬೇಡ.”

ಅವಳು ಅವಸರವಾಗಿ ಮತ್ತೆ ಹೇಳಿದಳು, “ನಾನು ಬೇಡ ಅಂತಲೇ ಹೇಳಿದ್ದು.”

“ಕೊಡು,” ಎಂದ ಅಗಸ್ಟಿನ್.

“ಎಂತ?”

“ಹೆಸರು ಕೊಡು, ಅಸುಂತಾ.”

ಅಸುಂತಾ ಕುರ್ಚಿ ಎಳೆದುಕೊಂಡು ಕೂತಳು. “ಈ ಶನಿವಾರ ಹೋಗಲಿಲ್ಲವಾ ನೀವು?”

“ಇಲ್ಲ.”

“ಹೋದ ವಾರ?”

“ಇಲ್ಲ. ನೀನು ಹೋದ ಮೇಲೆ ಸ್ವಲ್ಪ ದಿನ ಹೋದೆ. ಮತ್ತೆ ಒಂದು ದಿನ ಕಾರಲ್ಲಿ ಕೂತೆ, ಇಳಿಯಲಿಕ್ಕೆ ಆಗಲಿಲ್ಲ. ಹಾಗೇ ವಾಪಸು ಬಂದೆ. ಮತ್ತೆ ಹೋಗಲಿಲ್ಲ.”

ಇಷ್ಟು ತಿಂಗಳೂ ಅವಳು ಮನಸ್ಸಿನಲ್ಲಿ ಅವನ ಜೊತೆ ಆ ಮೆಟ್ಟಿಲುಗಳನ್ನು ಇಳಿದಿದ್ದಳು. ಆ ಶನಿವಾರಗಳಲ್ಲಿ ಎಷ್ಟೋ ಸಲ ಅಲ್ಲಿ ಯಾರೂ ಇರಲಿಲ್ಲ. ಲೆಸ್ಟರ್ ಒಬ್ಬನೇ ಇದ್ದ.

“ನಿಲ್ಲಿಸಲಿಕ್ಕೆ ನಿಮಗೆ ಯಾರು ಹೇಳಿದ್ದು?” ಎಂದು ಕೂಗಿದಳು. “ಯಾರನ್ನು ಕೇಳಿ ನಿಲ್ಲಿಸಿದಿರಿ? ನಾನು ಬಂದದ್ದು ನೀವು ಇದ್ದೀರಿ ಅಂತ! ನೀವು ಇದ್ದೀರಿ ಅಂತ ನಾನು ಬಂದದ್ದು!”

ಅವನು ಅಳುತ್ತಿರುವುದು ಅವಳಿಗೆ ಕೇಳಿಸಿತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವನು ಅತ್ತದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಸಮಾಧಾನ ಹೇಳಬೇಕೆನಿಸಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಅವನು ಇನ್ನೂ ಆ ಕಡೆಯಲ್ಲಿದ್ದ. ಜೊವಾನಿಟಾ ಬಂದು ಎತ್ತಿಕೊಂಡಾಗಲೂ ಇದ್ದ.

ಜೊವಾನಿಟಾ ಹೆಸರು ಬರೆದುಕೊಟ್ಟಳು. ಭಾನುವಾರ ಚರ್ಚಿನಲ್ಲಿ ಹೆಸರುಗಳನ್ನು ಓದಿದರು. ಓದಿದ ಹೆಂಗಸು ಆಸ್ಟ್ರೇಲಿಯಾದವಳು, ನಿಧಾನವಾಗಿ, ತಪ್ಪಿಲ್ಲದೆ ಓದಿದಳು. ಹೆಸರು ಬಂದಾಗ ಆಯಾ ಮನೆಯವರು ಎದ್ದು ಹೋಗಿ ಒಂದು ಮೇಣದಬತ್ತಿ ಹಚ್ಚಿ ಬರಬೇಕು. ಲೆಸ್ಟರ್‌ನ ಹೆಸರು ಬಂತು. ಜೊವಾನಿಟಾ ಎದ್ದು ಅಮ್ಮನಿಗೆ ಕೈ ಚಾಚಿದಳು. ಅಸುಂತಾ ಏಳಲಿಲ್ಲ. ಮಗಳು ಸ್ವಲ್ಪ ಹೊತ್ತು ನಿಂತು ನೋಡಿ, ಒಬ್ಬಳೇ ಮುಂದೆ ಹೋದಳು. ಓದುವ ಹೆಂಗಸು ಅವಳಿಗಾಗಿ ಕಾದು, ಆಮೇಲೆ ಮುಂದಿನ ಹೆಸರು ಓದಿದಳು.