ಬಾಣಂತಿಯ ಗಂಜಿ

ಗೋಡೆಗೆ ಆನಿಸಿ ಕೂರಿಸಿದ್ದ ಸುಭದ್ರಾಬಾಯಿಯವರ ಹೆಣ ಎಡಕ್ಕೆ ವಾಲಿತು. ಹೀರಾಬಾಯಿ ಓಡಿಬಂದು ಹೆಗಲು ಕೊಟ್ಟು ನಿಲ್ಲಿಸಿ, ಪಕ್ಕಕ್ಕೆ ಒಂದು ದಿಂಬು ತುರುಕಿದಳು. ಮಟಕಿ ಊರಿನ ಅಂಗನವಾಡಿಯಲ್ಲಿ ಹತ್ತು ವರ್ಷ ಈ ಅಕ್ಕೋರ ಮಾತು ಕೇಳುತ್ತ ನುಚ್ಚು ತಿರುವಿದವಳು ಅವಳು. ಅಳು ಬರಬೇಕಿತ್ತು, ಬಂದದ್ದು ಬರೀ ಕಳವಳ.

ಯಾಕೆಂದರೆ ಒಳಕೋಣೆಯಲ್ಲಿ ಕೂಸು ಅಳುತ್ತಿತ್ತು. ಹುಟ್ಟಿ ಹನ್ನೊಂದು ದಿನ. ಅದರ ತಾಯಿ, ಅಕ್ಕೋರ ಕಿರಿಯ ಸೊಸೆ ಸುಮಿತ್ರಾ, ನಿನ್ನೆ ಸಂಜೆ ಉಂಡವಳು. ನಸುಕಿನಲ್ಲಿ ಅತ್ತೆ ಎದೆ ಹಿಡಿದುಕೊಂಡು ಹೋಗಿಬಿಟ್ಟ ಮೇಲೆ ಮನೆಯಲ್ಲಿ ಒಲೆ ಹೊತ್ತಿಲ್ಲ. ಹೆಣ ಏಳುವ ತನಕ ಮನೆಯವರು ಅನ್ನ ಮುಟ್ಟುವಂತಿಲ್ಲ. ಹೆಣ ಏಳಬೇಕಾದರೆ ಹಿರಿಮಗ ಬಸವಂತರಾಯ ಜೇವರ್ಗಿಯಿಂದ ಬರಬೇಕು.

"ಗುಲಬರ್ಗಾದಾಗ ಬಸ್ಸು ಸಿಕ್ಕಿರಲಿಕ್ಕಿಲ್ಲ," ಎಂದ ಕಟ್ಟೆಯ ಮೇಲಿದ್ದ ಓಣಿಯ ಹಿರಿಯ ಚಂದಪ್ಪ. "ಇನ್ನ ನಾಲ್ಕು ತಾಸರ ಹಿಡೀತದ."

ಆಗಲೇ ಮಧ್ಯಾಹ್ನ ಎರಡಾಗಿತ್ತು. ಹೀರಾಬಾಯಿ ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಕೂಸು ಎದೆ ಚೀಪುತ್ತಿತ್ತು, ಬಿಟ್ಟು ಅಳುತ್ತಿತ್ತು. ಕೊನೆಗೆ ಪಕ್ಕದ ಅಂಗನವಾಡಿಯ ಬಾಗಿಲು ತೆರೆದು ಒಲೆ ಹೊತ್ತಿಸಿದಳು. ಅದು ಸರಕಾರದ ಒಲೆ, ಸಾವಿನ ಮನೆಯದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಗೋಧಿ ನುಚ್ಚಿನ ತೆಳ್ಳನೆಯ ಗಂಜಿ ಮಾಡಿ, ಬೆಲ್ಲ ತುಪ್ಪ ಹಾಕಿ, ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು.

"ಉಣ್ಣವಾ. ಉಣಲಿಲ್ಲಂದ್ರ ಹಾಲು ಎಲ್ಲಿಂದ ಬರ್ಬೇಕು?"

ಸುಮಿತ್ರಾ ಬಟ್ಟಲನ್ನು ಹಿಂದಕ್ಕೆ ತಳ್ಳಿದಳು. "ಹೊರಗ ಗಂಗಾಬಾಯಿ ಆಯಿ ನೀರು ಸೈತ ಮುಟ್ಟಿಲ್ಲ. ನಾ ಹ್ಯಾಂಗ ಉಣ್ಲಿ? ನಾಳಿ ಮಂದಿ ಏನಂದಾರು?"

ಹೊರಗಿನಿಂದ ದನಿ ಬಂತು. ಅಕ್ಕೋರ ಅತ್ತೆ ಗಂಗಾಬಾಯಿ, ಎಂಬತ್ತರ ಮುದುಕಿ. ಸೊಸೆಯ ಹೆಣದ ಪಕ್ಕದಿಂದ ಬೆಳಗಿನಿಂದ ಎದ್ದಿರಲಿಲ್ಲ. "ಯಾರಬೇ ಅದು, ಒಳಗ ಬಟ್ಟಲ ಒಯ್ದಾಕಿ?"

ಹೀರಾಬಾಯಿ ಬಾಗಿಲಿಗೆ ಬಂದು ನಿಂತಳು. "ಶರಣರಿಗಿ ಸೂತಕ ಇಲ್ಲಂತಾರಲ್ರಿ ಆಯಿ."

"ಅದು ಮಠದ ಅಯ್ನೋರು ಹೇಳೋದು. ಈ ಮನ್ಯಾಗ ನಾ ಹೇಳೋದು. ತಿರುಗಿ ಒಯ್ಯಿ."

ಹೀರಾಬಾಯಿಯ ಮುಖ ಸಣ್ಣಗಾಯಿತು. ಊರಿನವರಿಗೆ ಊಟದ ಮಾತು ಹೇಳುವುದು ಯಾವತ್ತೂ ಅಕ್ಕೋರ ಕೆಲಸ, ಬೇಯಿಸುವುದಷ್ಟೇ ಅವಳದು. ಈಗ ಹೇಳುವವರೇ ಗೋಡೆಗೆ ಒರಗಿ ಕೂತಿದ್ದರು.

* * *

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಆಳಂದದ ತರಬೇತಿ ಮುಗಿಸಿ ಬಂದಾಗ ಸುಭದ್ರಾಬಾಯಿ ಒಂದು ಚಿತ್ರದ ಹಾಳೆ ತಂದಿದ್ದರು. ಮೊಳಕೆ ಕಾಳು, ಸೊಪ್ಪು, ಹಾಲು. ಗೋಡೆಗೆ ಅಂಟಿಸಿ ಎಲ್ಲರಿಗೂ ಒಂದೇ ಪಾಠ ಒಪ್ಪಿಸಿದರು. ಬೊಚ್ಚುಬಾಯಿಯ ಮಲ್ಕಪ್ಪನಿಗೂ ಮೊಳಕೆ ಹೆಸರು ಅಗಿಯಲು ಹೇಳಿದರು.

"ಅಗೀತೇನವಾ," ಎಂದ ಮುದುಕ. "ಮೊದಲ ನಿನ್ನ ಹಲ್ಲು ಕಡಾ ಕೊಡು."

ಊರು ಒಂದು ವಾರ ನಕ್ಕಿತು. ಸುಭದ್ರಾಬಾಯಿ ಹಾಳೆ ಸುತ್ತಿಟ್ಟರು. ಆಮೇಲೆ ಮಕ್ಕಳಿಗೆ, ಮಣ್ಣಿನ ಗುಬ್ಬಿಗೆ ಮೊದಲು ಉಣ್ಣಿಸು, ಅದು ಬಿಟ್ಟದ್ದು ನೀನು ಉಣ್ಣು ಎಂದರು. ಹರೆಯಕ್ಕೆ ಕಾಲಿಡುವ ಹುಡುಗಿಯರಿಗೆ ಉದ್ದ ಜಡೆಯ ಆಸೆ ತೋರಿಸಿ ಮೆಂತೆಪಲ್ಯ ತಿನ್ನಿಸಿದರು. ಬಸುರಿಗೆ ಹೇಳಬೇಕಾದದ್ದನ್ನು ಬಸುರಿಯ ಅತ್ತೆಗೆ ಹೇಳಿದರು. ಮಲ್ಕಪ್ಪನ ಕಟ್ಟೆಗೆ ಹೋಗಿ ನೆಲದ ಮೇಲೆ ಕೂತು, ವಯಸ್ಸಿನಲ್ಲಿ ಏನೇನು ಉಣ್ಣುತ್ತಿದ್ದಿರಿ ಎಂದು ಕೇಳಿದರು. ಅವನು ಒಂದು ತಾಸು ಹೇಳಿದ. ಮರುದಿನ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ತಾನಾಗಿಯೇ ಕೇಳಿ ಉಂಡ.

"ಹೊಟ್ಟಿ ಎಲ್ಲಾರಿಗೂ ಒಂದ ಹೀರಾ, ಕಿವಿ ಬ್ಯಾರೆ ಬ್ಯಾರೆ," ಎನ್ನುತ್ತಿದ್ದರು ಅಕ್ಕೋರು. "ಸಣ್ಣೋರಿಗಿ ಆಡಿಸಿ ಹೇಳ್ಬೇಕು. ಹಿರೇರಿಗಿ ಹೇಳಬಾರದು, ಕೇಳ್ಬೇಕು."

"ನನಗ ಹ್ಯಾಂಗ ಹೇಳ್ತೀರಿ ಅಕ್ಕೋರ?"

"ನೀ ನಿಂತಲ್ಲೇ ಉಣ್ಣಾಕಿ. ನಿನಗ ಮೊದಲ ಕುಂದ್ರು ಅಂತ ಹೇಳ್ಬೇಕು."

* * *

ಹೀರಾಬಾಯಿ ಬಟ್ಟಲು ಹಿಡಿದೇ ಹೋಗಿ ಗಂಗಾಬಾಯಿಯ ಎದುರು ನೆಲದ ಮೇಲೆ ಕೂತಳು. ಏನು ಕೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಕೇಳಿದಳು.

"ಆಯಿ, ನೀವು ಬಾಣಂತಿ ಇದ್ದಾಗ ಮನ್ಯಾಗ ಯಾರರ ಹೋಗಿದ್ರೇನ್ರಿ?"

ಮುದುಕಿ ಹೆಣದ ಸೆರಗು ಸರಿಮಾಡಿದಳು. ಹೆಣದ ಮುಂದೆ ಕೂತಿದ್ದ ಭಜನೆಯವರು ಒಂದು ಪದ ಮುಗಿಸಿ ಇನ್ನೊಂದು ಎತ್ತಿಕೊಂಡರು.

"ಮಾವ ಹೋದ," ಎಂದಳು. "ನನಗ ಒಂಬತ್ತನೇ ದಿನ. ಅಫಜಲಪುರದಿಂದ ಮೈದುನ ಬರಬೇಕಿತ್ತು, ಹೊಳಿ ತುಂಬಿತ್ತು. ಮರುದಿನ ಸಂಜೀಕ ಎತ್ತಿದ್ರು."

"ಅಲ್ಲೀತನ ಏನ ಉಂಡ್ರಿ?"

"ನೀರು."

"ಕೂಸು?"

ಗಂಗಾಬಾಯಿ ಗೋಡೆಗೆ ಒರಗಿದ್ದ ಸೊಸೆಯ ಮುಖ ನೋಡಿದಳು, ಹೀರಾಬಾಯಿಯ ಮುಖ ನೋಡಲಿಲ್ಲ. "ಹೆಣ್ಣಕೂಸು. ನನಗ ಜ್ವರ ಬಂದು ಹಾಲು ಬತ್ತಿ ಹೋತು. ಆಡಿನ ಹಾಲು ಹಾಕಿದ್ರು. ಹೆಸರಿಡೂತನ ಉಳೀಲಿಲ್ಲ."

"ಯಾರಿಗೂ ಹೇಳಿದ್ದಿಲ್ಲೇನ್ರಿ ಆಯಿ? ಅಕ್ಕೋರಿಗೂ?"

"ಯಾರು ಕೇಳಿದ್ರು?"

ಒಳಗೆ ಕೂಸಿನ ದನಿ ಬಿದ್ದುಹೋಗಿತ್ತು. ಅಳುವುದಕ್ಕೂ ಅದಕ್ಕೆ ತ್ರಾಣ ಉಳಿದಿರಲಿಲ್ಲ. ಹೀರಾಬಾಯಿ ಥಟ್ಟನೆ ಒಳಕೋಣೆಯ ಕಡೆ ತಿರುಗಿದಳು, ಗಂಜಿ ಅಂಚಿಗೆ ತುಳುಕಿತು. ಗಂಗಾಬಾಯಿ ಕೈ ಚಾಚಿದಳು.

"ಕೊಡು ಇಲ್ಲಿ."

ಚೆಲ್ಲಿಬಿಡುತ್ತಾಳೆ ಎಂದೇ ಹೀರಾಬಾಯಿ ಅಂದುಕೊಂಡಳು. ಮುದುಕಿ ಬಟ್ಟಲನ್ನು ತೊಡೆಯ ಮೇಲಿಟ್ಟು, ಬೆರಳು ಅದ್ದಿ, ಓಣಿಯ ಹೆಂಗಸರೆಲ್ಲ ನೋಡುತ್ತಿದ್ದಂತೆಯೇ ಬಾಯಿಗೆ ಹಾಕಿಕೊಂಡಳು. ತಾಳ ನಿಂತಿತು.

"ಆಯಿ," ಎಂದ ಚಂದಪ್ಪ ಮೆಲ್ಲಗೆ, "ಹೆಣ ಇನ್ನ ಎದ್ದಿಲ್ರಿ."

"ನನಗ ಕಣ್ಣು ಕಾಣಸ್ತಾವ ಚಂದಪ್ಪ," ಎಂದು ಗಂಗಾಬಾಯಿ ಎರಡನೆಯ ತುತ್ತನ್ನೂ ನುಂಗಿದಳು. "ಹಿರೇಳು ನಾ ಉಂಡೇನಿ. ಅನ್ನೋದಿದ್ರ ನನಗ ಅನ್ರಿ."

ಅವಳು ಬಟ್ಟಲಿನೊಂದಿಗೆ ಹೀರಾಬಾಯಿಯ ಹೆಗಲು ಹಿಡಿದು ಎದ್ದಳು. ಒಳಕೋಣೆಗೆ ಹೋಗಿ ಸುಮಿತ್ರಾಳ ಹೊರಸಿನ ಅಂಚಿಗೆ ಕೂತು, ಕೂಸನ್ನು ಅವಳ ಎದೆಗೆ ಸರಿಯಾಗಿ ಒತ್ತಿಟ್ಟಳು. ಸುಮಿತ್ರಾ ಬಿಕ್ಕುತ್ತಿದ್ದಳು. ಮುದುಕಿ ಗಂಜಿಯ ಕೈಯನ್ನು ಅವಳ ತುಟಿಯ ಹತ್ತಿರ ತಂದು ಕಾದಳು.

ಸುಮಿತ್ರಾ ಬಾಯಿ ತೆರೆದಳು. ಪ್ರತಿ ತುತ್ತಿಗೂ ಅವಳೊಂದಿಗೆ ಗಂಗಾಬಾಯಿಯ ಹಲ್ಲಿಲ್ಲದ ಬಾಯಿಯೂ ತೆರೆಯುತ್ತಿತ್ತು, ಮುಚ್ಚುತ್ತಿತ್ತು.